ಬೇಕಂತ ಸೋತ್ರೆ ಲಾಭ ಇದ್ಯಾ?

ಬೇಕಂತ ಸೋತು ಒಳ್ಳೆ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನ ಆರಿಸೋ ಸರದಿ, ಸೋತ ಟೀಮಿಗೆ ಮೊದ್ಲು ಸಿಗೋ ಚಾನ್ಸ್ ಜಾಸ್ತಿ) ಹೊಡ್ಕೊಂಡ್ರೆ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಟೀಮ್ ಉದ್ಧಾರ ಆಗುತ್ತಾ ಅಂತ ಕೇಳಿದ್ರಲ್ಲ ಗುರು, ನಂಗೇನೋ ಡೌಟೇ. ಫಿಲಡೆಲ್ಫಿಯಾನೇ ನೋಡಿ, ವರ್ಷಗಟ್ಲೆ ಸೋತು ಸೋತು 2015-16ರಲ್ಲಂತೂ 82 ಮ್ಯಾಚಲ್ಲಿ ಬರೀ 10 ಗೆದ್ರು, ಸ್ಟಾರ್ ಆಟಗಾರ ಎಂಬೀಡ್ ಸಿಕ್ಕಿದ್ದು ನಿಜ, 2016, 2017 ಎರಡು ವರ್ಷಾನೂ ಮೊದಲನೇ ಪಿಕ್ಕೂ ಬಂತು, ಆದ್ರೆ 2016ರಲ್ಲಿ ತಗೊಂಡ ಸಿಮನ್ಸ್ ಟ್ರೇಡ್ (ಬೇರೆ ಟೀಮಿಗೆ ವರ್ಗ) ಬೇಕು ಅಂತ ಹಠ ಹಿಡಿದು ಹೋದ, 2017ರಲ್ಲಿ ತಗೊಂಡ ಫುಲ್ಟ್ಸ್‌ಗೆ ಭುಜದ ತೊಂದ್ರೆ ಬಂದು ಶಾಟೇ ಕೆಟ್ಟೋಯ್ತು, ಎಂಬೀಡ್ ಎಂವಿಪಿ (ಸೀಸನ್ನಿನ ಅತ್ಯುತ್ತಮ ಆಟಗಾರ) ಆದ 2023ರಲ್ಲೂ ಎರಡನೇ ರೌಂಡಲ್ಲೇ ಮನೆಗೆ. ಪಾಪ ಫ್ಯಾನ್ಸು. ಅದೂ ಅಲ್ದೆ 2019ರಲ್ಲಿ ಲಾಟರಿ (ಮೊದಲ ಪಿಕ್‌ಗಳು ಯಾರಿಗೆ ಅಂತ ಚೀಟಿ ಎತ್ತೋದು) ರೂಲ್ಸೇ ಬದಲಾಯ್ತು, ಕೊನೇ ಮೂರು ಟೀಮಿಗೂ ಮೊದಲನೇ ಪಿಕ್ ಸಿಗೋಕೆ ತಲಾ 14% ಅಷ್ಟೇ ಚಾನ್ಸ್ ಆಯ್ತು. 2023-24ರಲ್ಲಿ ಡೆಟ್ರಾಯ್ಟ್ ಎಲ್ಲರಿಗಿಂತ ಕೆಳಗಿತ್ತು, ಸಿಕ್ಕಿದ್ದು 5ನೇ ಪಿಕ್. ಅದೇ ಲೀಗಿನ ದೊಡ್ಡ ಸ್ಟಾರ್ ಯೋಕಿಚ್ ಬಂದಿದ್ದು 41ನೇ ಪಿಕ್ಕಲ್ಲಿ ಸ್ವಾಮಿ!