ಜಾಕೆಟ್ ಒಳಗಿನ ಚೀಟಿ ಓದಿದ್ದೀರಾ?

ಪ್ರಶ್ನೆ: ನನ್ನ ಗಂಡ ಎಟಿಎಂಗೆ ಹಣ ತುಂಬುವ ವ್ಯಾನಿನಲ್ಲಿ ಗನ್‌ಮ್ಯಾನ್. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಅಂಥದ್ದೇ ವ್ಯಾನಿನವರ ಮೇಲೆ ಗುಂಡು ಹಾರಿಸಿದ ಸುದ್ದಿ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಕಂಪನಿ ಕೊಟ್ಟಿರುವುದು ಹರಿದ ಹಳೇ ಬುಲೆಟ್‌ಪ್ರೂಫ್ ಜಾಕೆಟ್. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಒಂದು ಸಿಗುತ್ತಿದೆ. ತಗೊಳ್ಳಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಗಲೇ ಬೇಡ ತಂಗಿ. ಸೇನೆಯ ಸ್ಟೋರಿನಲ್ಲಿ ಆರು ವರ್ಷ ಇದೇ ಜಾಕೆಟ್‌ಗಳನ್ನು ಎಣಿಸಿ, ಒರೆಸಿ, ಹಂಚಿದವನು ನಾನು. ಅಗ್ಗದ ಎಷ್ಟೋ ಜಾಕೆಟ್‌ಗಳು ಬರೀ ಚೀಲ, ಒಳಗೆ ಗುಂಡು ತಡೆಯುವಂಥದ್ದು ಏನೂ ಇರುವುದಿಲ್ಲ.

ಇವತ್ತು ರಾತ್ರಿ ಅವರ ಜಾಕೆಟ್ಟಿನ ಜಿಪ್ ತೆಗೆದು ನೋಡಿ. ಒಳಗೆ ದಪ್ಪ ರಟ್ಟಿನಂಥ, ಸುತ್ತಲೂ ಮುಚ್ಚಿದ ಪ್ಯಾಕೆಟ್ ಇರುತ್ತದೆ. ಕಾಪಾಡುವುದು ಅದೇ. ಕೆವ್ಲಾರ್ ಎಂಬ ಬಲು ಗಟ್ಟಿ ಎಳೆಯ ಬಟ್ಟೆಯ ಅಥವಾ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಹಾಳೆಯ ಹತ್ತಾರು ಪದರ. ಗುಂಡು ಬಡಿದಾಗ ಎಳೆಗಳು ಅದನ್ನು ಹಿಡಿದು, ಚಪ್ಪಟೆ ಮಾಡಿ, ಪೆಟ್ಟನ್ನು ಅಗಲಕ್ಕೆ ಹಂಚುತ್ತವೆ. ಹೊರಗಿನ ಬಟ್ಟೆ ಹರಿದರೆ ಹೊಲಿಸಬಹುದು. ಆದರೆ ಈ ಪ್ಯಾಕೆಟ್ ಹರಿದಿದ್ದರೆ ಆ ಜಾಕೆಟ್ ನಂಬಬೇಡಿ. ನೀರು, ಬಿಸಿಲು ಎರಡೂ ಕೆವ್ಲಾರ್‌ಗೆ ಆಗಿಬರುವುದಿಲ್ಲ. ಪ್ಯಾಕೆಟ್ ಮೇಲಿನ ಚೀಟಿಯಲ್ಲಿ ತಯಾರಾದ ವರ್ಷ, ಎಂಥ ಗುಂಡನ್ನು ತಡೆಯುತ್ತದೆ ಎಂಬ ಮಟ್ಟ, ಮೈಗೆ ತಾಗಬೇಕಾದ ಬದಿ ಬರೆದಿರುತ್ತದೆ. ಸಾಮಾನ್ಯವಾಗಿ ಐದು ವರ್ಷದ ವಾರಂಟಿ. ಪ್ಯಾಕೆಟ್ಟನ್ನು ಒಗೆಯಬೇಡಿ, ಮಡಚಿಡಬೇಡಿ.

ಇಂಥ ಪ್ಯಾಕೆಟ್ ಪಿಸ್ತೂಲಿಗೆ ಸಾಕು. ರೈಫಲ್ ಗುಂಡಿಗೆ ಗಟ್ಟಿ ಪ್ಲೇಟ್ ಬೇಕು, ಹೆಚ್ಚಾಗಿ ಪಿಂಗಾಣಿಯಂಥ ಸೆರಾಮಿಕ್‌ನದು, ಭಾರ ಜಾಸ್ತಿ. ಸೆರಾಮಿಕ್ ಪ್ಲೇಟ್ ಕೈಜಾರಿ ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಚಾಕುವಿಗೆ ಬೇರೆಯೇ ಪರೀಕ್ಷೆ ಇದೆ, ಅದನ್ನೂ ಕೇಳಿ.

ನಿಮ್ಮವರು ದಿನವಿಡೀ ಕೂತಿರುತ್ತಾರೆ, ಅಲ್ವಾ? ನನ್ನ ಮಟ್ಟಿಗೆ ಅವರಿಗೆ ತೆಳುವಾದದ್ದೇ ಒಳ್ಳೆಯದು. ಮೇ ತಿಂಗಳ ಸೆಕೆಗೆ ನಮ್ಮ ಹುಡುಗರು ಭಾರದ ಜಾಕೆಟ್ ಬಿಚ್ಚಿ ಗಾಡಿಯ ಕೊಕ್ಕೆಗೆ ನೇತುಹಾಕುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಕೊಳ್ಳಲೇಬೇಕಾದರೆ ಬುಲೆಟ್‌ಪ್ರೂಫ್ ಜಾಕೆಟ್‌ಗಳ ಭಾರತೀಯ ಮಾನದಂಡವಾದ ಐಎಸ್ 17051:2018ರ ಪ್ರಕಾರ ಅದೇ ಮಾಡೆಲ್ಲಿಗೆ ಮಾಡಿದ ಪರೀಕ್ಷೆಯ ವರದಿ ಕೇಳಿ. ಕೊಡದವರ ಹತ್ತಿರ ವ್ಯಾಪಾರ ಬೇಡ. ಸೆಕೆಂಡ್‌ಹ್ಯಾಂಡ್ ಅಂತೂ ಬೇಡವೇ ಬೇಡ. ಹಾಕಿ, ಕುರ್ಚಿಯಲ್ಲಿ ಕೂರಿಸಿ ನೋಡಿ. ಮೇಲಂಚು ಗಂಟಲ ಗುಳಿಯ ಕೆಳಗೆ ನಿಲ್ಲಬೇಕು, ಕುತ್ತಿಗೆಗೆ ಒತ್ತಬಾರದು. ಕೆಳಗಿನ ಅಂಚು ಹೊಕ್ಕುಳಿಗಿಂತ ಎರಡು ಬೆರಳು ಮೇಲಿರಲಿ. ಪಕ್ಕೆಯಲ್ಲಿ ಸಂದು ಬಿಡಬಾರದು.

ಅದಕ್ಕೂ ಮೊದಲು ನಿಮ್ಮವರು ಹಳೇ ಜಾಕೆಟ್ಟಿನ ಆ ಚೀಟಿಯ ಫೋಟೋ ತೆಗೆದು, ಹೊಸದು ಕೊಡಿ ಎಂದು ಕಂಪನಿಗೆ ಬರವಣಿಗೆಯಲ್ಲೇ ಕೇಳಲಿ. ಒಂದು ಪ್ರತಿ ಪತ್ರಿಕೆಗೂ ಕಳಿಸಿ, ನಾನೂ ನೋಡಿ ಹೇಳುತ್ತೇನೆ.