ವರ್ತನಾ ವಿಶ್ಲೇಷಣೆಯಲ್ಲಿ ಸಿಬ್ಬಂದಿ ದತ್ತಾಂಶವನ್ನು ಏಕರೂಪವಾಗಿ ದಾಖಲಿಸುವಂತೆ ಮಾಡುವುದು ಹೇಗೆ?

ವರ್ತನಾ ವಿಶ್ಲೇಷಣೆ ಎಂದರೆ ವರ್ತನೆಯನ್ನು ಅಳೆದು, ಅದರ ಹಿಂದುಮುಂದಿನ ಸನ್ನಿವೇಶವನ್ನು ಬದಲಿಸಿ ಕಲಿಸುವ ವಿಧಾನ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನಿಮ್ಮ ಸಿಬ್ಬಂದಿಯಲ್ಲಿ ಕೆಲವರು ಮಗುವಿನೊಡನೆ ಸೆಷನ್ ನಡೆಯುತ್ತಿರುವಾಗಲೇ ಅದರ ವರ್ತನೆಯ ದತ್ತಾಂಶ ಬರೆದುಕೊಳ್ಳುತ್ತಾರೆ, ಉಳಿದವರು ದಿನದ ಕೊನೆಗೆ ನೆನಪಿನಿಂದ ಹಾಳೆ ತುಂಬುತ್ತಾರೆ. ಒಂದೇ ಮಗುವಿನ ಒಂದೇ ವರ್ತನೆಗೆ ಇಬ್ಬರು ಎರಡು ಬಗೆಯ ಅಂಕಿಗಳನ್ನು ಕೊಡುತ್ತಾರೆ. ಎರಡು ಸಲ ತರಬೇತಿ ಕೊಟ್ಟಾಗಲೂ ಕೆಲವು ವಾರ ಎಲ್ಲವೂ ಸರಿಯಾಗಿ ನಡೆದು, ಮತ್ತೆ ಹಳೆಯ ಸ್ಥಿತಿಗೇ ಮರಳಿತು. ಮೂರನೆಯ ತರಬೇತಿ ಹೇಗಿರಬೇಕು ಎಂದು ಕೇಳಿದ್ದೀರಿ. ಇಂಥದೇ ಮೇಲ್ವಿಚಾರಣೆಯ ಕೆಲಸದಲ್ಲಿರುವ ನನಗೆ ಅನ್ನಿಸುವುದೇನೆಂದರೆ, ಮೂರನೆಯ ತರಬೇತಿ ಬೇಕಾಗಿಯೇ ಇಲ್ಲ. ಕೆಲವು ವಾರ ಸರಿಯಾಗಿ ನಡೆಯಿತೆಂಬ ನಿಮ್ಮ ಮಾತೇ ಅವರಿಗೆ ಆ ಕೆಲಸ ಬರುತ್ತದೆ ಎಂಬುದಕ್ಕೆ ಸಾಕ್ಷಿ. ಬರುವ ಕೆಲಸವನ್ನು ಜನ ಕೈಬಿಡುತ್ತಿದ್ದರೆ ಅದರ ಕಾರಣವನ್ನು ಕೌಶಲದಲ್ಲಲ್ಲ, ಆ ಕೆಲಸದ ಹಿಂದುಮುಂದಿನ ಸನ್ನಿವೇಶದಲ್ಲಿ ಹುಡುಕಬೇಕು.

ಮಗು ಕಿರುಚಿದರೆ ಅದಕ್ಕೆ ಮುಂಚೆ ಏನಾಯಿತು, ನಂತರ ಏನು ದೊರೆಯಿತು ಎಂದು ಕೇಳುವ ನಾವೇ, ಸಿಬ್ಬಂದಿ ಹಾಳೆ ತುಂಬದಿದ್ದರೆ ಅಸಡ್ಡೆ ಎಂದುಬಿಡುತ್ತೇವೆ. ದತ್ತಾಂಶ ಬರೆಯುವುದೂ ಒಂದು ವರ್ತನೆ. ಅದಕ್ಕೂ ಅದೇ ವಿಶ್ಲೇಷಣೆ ಸಲ್ಲಬೇಕು. ಈ ಉದ್ದೇಶಕ್ಕಾಗಿಯೇ ವರ್ತನಾ ವಿಶ್ಲೇಷಕ ಜೇಮ್ಸ್ ಕಾರ್ ಮತ್ತು ಸಂಗಡಿಗರು 2013ರಲ್ಲಿ ಮಾನವ ಸೇವಾ ಕ್ಷೇತ್ರದ ಸಿಬ್ಬಂದಿಗೆ ಹೊಂದುವ ಒಂದು ಪರಿಶೀಲನಾ ಪಟ್ಟಿಯನ್ನು ಪ್ರಕಟಿಸಿದರು. ಅದು ತರಬೇತಿ, ಕೆಲಸದ ಸ್ಪಷ್ಟತೆ ಮತ್ತು ಜ್ಞಾಪನೆ, ಸಲಕರಣೆ ಮತ್ತು ಕಾರ್ಯವಿಧಾನ, ಹಾಗೂ ಪರಿಣಾಮ, ಶ್ರಮ ಮತ್ತು ಪೈಪೋಟಿ ಎಂಬ ನಾಲ್ಕು ಭಾಗಗಳಲ್ಲಿ ಪ್ರಶ್ನೆಗಳನ್ನು ಕೇಳುತ್ತದೆ. ಆ ಅಧ್ಯಯನದಲ್ಲಿ ಅವರು ಎತ್ತಿಕೊಂಡದ್ದು ಚಿಕಿತ್ಸಾ ಕೊಠಡಿಗಳ ಸ್ವಚ್ಛತೆಯ ಸಮಸ್ಯೆಯನ್ನು. ಪಟ್ಟಿ ತೋರಿಸಿದ ಕಾರಣಕ್ಕೆ ಹೊಂದಿದ ಉಪಾಯ ಫಲ ಕೊಟ್ಟಿತು, ಹೊಂದದ ಉಪಾಯ ಕೊಡಲಿಲ್ಲ. ನಿಮ್ಮ ಮೂರನೆಯ ತರಬೇತಿ ಈ ಎರಡನೆಯ ಗುಂಪಿಗೆ ಸೇರುತ್ತದೆ ಎಂಬುದು ನನ್ನ ಅನುಮಾನ.

ನಾಲ್ಕರಲ್ಲಿ ನಿಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು ಕೊನೆಯ ಭಾಗ. ತುಂಬಿದ ಹಾಳೆ ಮುಂದೆ ಏನಾಗುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅದು ಕಡತ ಸೇರಿ, ತಿಂಗಳ ವರದಿಯ ಹೊತ್ತಿಗೆ ಮಾತ್ರ ಹೊರಬರುವುದಾದರೆ, ಬರೆದವರಿಗೂ ಬರೆಯದವರಿಗೂ ಸಿಗುವ ಫಲ ಒಂದೇ. ಬರೆದವರಿಗೆ ಶ್ರಮ ಮಾತ್ರ ಹೆಚ್ಚು. ಅದೇ ಹೊತ್ತಿನಲ್ಲಿ ಮಗು ಕುರ್ಚಿಯಿಂದ ಎದ್ದು ಓಡುತ್ತಿರುತ್ತದೆ, ಪ್ರಾಂಪ್ಟ್ (ಸರಿಯಾಗಿ ಮಾಡಲು ನೆರವಾಗುವ ಸುಳಿವು) ಕೊಡಬೇಕಾಗಿರುತ್ತದೆ, ಪುರಸ್ಕಾರ ತಡವಾಗಬಾರದು. ಈ ಪೈಪೋಟಿಯಲ್ಲಿ ಪೆನ್ನು ಸೋಲುವುದು ಸಹಜ, ಅನೇಕ ವೇಳೆ ನ್ಯಾಯವೂ ಹೌದು.

ಆದ್ದರಿಂದ ಮೊದಲು ಹೊರೆ ಇಳಿಸಿ. ಪ್ರತಿ ಮಗುವಿನ ಹಾಳೆಯನ್ನು ಎದುರಿಗಿಟ್ಟುಕೊಂಡು, ಕಳೆದ ಕೆಲವು ವಾರಗಳಲ್ಲಿ ಯಾವ ಅಂಕಿಯ ಆಧಾರದ ಮೇಲೆ ಒಂದಾದರೂ ನಿರ್ಧಾರ ಬದಲಾಯಿತು ಎಂದು ನೋಡಿ. ಯಾವ ನಿರ್ಧಾರಕ್ಕೂ ಬಳಕೆಯಾಗದ ಕಾಲಮ್ಮನ್ನು ಕಾನೂನಾಗಲಿ, ಸೇವೆಯ ವೆಚ್ಚ ಭರಿಸುವವರಾಗಲಿ ಕೇಳದಿದ್ದರೆ ತೆಗೆದುಹಾಕಿ. ಚೆನ್ನಾಗಿ ಸಾಗುತ್ತಿರುವ ಕೌಶಲಗಳಿಗೆ ಪ್ರತಿ ಟ್ರಯಲ್ (ಕಲಿಕೆಯ ಒಂದೊಂದು ಯತ್ನ) ಬರೆಯುವ ಬದಲು ಸೆಷನ್ನಿನ ಮೊದಲ ಟ್ರಯಲ್ ಮಾತ್ರ ಬರೆದರೆ ಹಲವು ವೇಳೆ ಸಾಕಾಗುತ್ತದೆ. ಆದರೆ ಅದು ಸಣ್ಣ ಏರಿಳಿತಗಳನ್ನು ಮರೆಮಾಡುವುದರಿಂದ, ಮಗು ಎಲ್ಲಿ ತೊಡಕುತ್ತಿದೆಯೋ ಅಲ್ಲಿ ಪೂರ್ತಿ ದಾಖಲೆಯೇ ಬೇಕು.

ದಾಖಲಿಸುವ ವಿಧಾನವೂ ಕೈಗೆ ಒಗ್ಗುವಂತಿರಬೇಕು. ಬಿಡಿಬಿಡಿಯಾಗಿ ಎಣಿಸಬಹುದಾದ, ವಿರಳವಾದ ವರ್ತನೆಗೆ ಕೈಯಲ್ಲೊಂದು ಕೌಂಟರ್ ಇದ್ದರೆ ಸಾಕು. ದೀರ್ಘಕಾಲ ಮುಂದುವರಿಯುವ ವರ್ತನೆಗೆ, ನಿಗದಿತ ಅವಧಿ ಮುಗಿದ ಕ್ಷಣದಲ್ಲಿ ಮಾತ್ರ ತಲೆಯೆತ್ತಿ ನೋಡಿ ಇದೆ ಅಥವಾ ಇಲ್ಲ ಎಂದು ಗುರುತಿಸುವ ಕ್ಷಣ ಮಾದರಿ ವಿಧಾನ ಒಳ್ಳೆಯದು. ಟೈಮರ್ ಕಂಪಿಸಿದಾಗ ಬರೆದರಾಯಿತು. ಚಿಕ್ಕದೂ ವಿರಳವೂ ಆದ ವರ್ತನೆಗೆ ಇದು ಹೊಂದುವುದಿಲ್ಲ, ಏಕೆಂದರೆ ಬಹಳಷ್ಟು ಘಟನೆಗಳು ತಪ್ಪಿಹೋಗುತ್ತವೆ. ಅವಧಿಯೊಳಗೆ ಒಮ್ಮೆ ಕಂಡರೂ ಗುರುತು ಹಾಕುವ ಭಾಗಶಃ ಅವಧಿ ವಿಧಾನ ವರ್ತನೆಯ ಕಾಲಾವಧಿಯನ್ನು ಹಿಗ್ಗಿಸಿ ತೋರಿಸುತ್ತದೆ: 10 ಸೆಕೆಂಡುಗಳ ಪ್ರತಿ ಅವಧಿಯಲ್ಲೂ 1 ಸೆಕೆಂಡು ಮಾತ್ರ ನಡೆದ ವರ್ತನೆ ಹಾಳೆಯ ಮೇಲೆ ಶೇಕಡ 100 ಆಗಿ ಕಾಣುತ್ತದೆ. ನಿಮ್ಮ ಇಬ್ಬರು ಸಿಬ್ಬಂದಿಯ ಅಂಕಿಗಳು ಬೇರೆಯಾಗಲು, ಒಬ್ಬರು ಎಣಿಸುತ್ತಿದ್ದು ಇನ್ನೊಬ್ಬರು ಅವಧಿ ಗುರುತಿಸುತ್ತಿರುವುದೇ ಕಾರಣವಾಗಿರಬಹುದು. ಮೊದಲು ಅದನ್ನು ಪರಿಶೀಲಿಸಿ.

ಇನ್ನು ವ್ಯಾಖ್ಯೆ. ‘ಸಿಟ್ಟಿನ ವರ್ತನೆ’ ಎಂದು ಬರೆದಿದ್ದರೆ ಇಬ್ಬರು ಒಪ್ಪುವುದೇ ಆಶ್ಚರ್ಯ. ‘ತೆರೆದ ಅಥವಾ ಮುಷ್ಟಿ ಕಟ್ಟಿದ ಕೈ ಇನ್ನೊಬ್ಬರ ದೇಹಕ್ಕೆ ಬಲವಾಗಿ ತಗಲುವುದು’ ಎಂದರೆ ಅರ್ಧ ಕೆಲಸವಾಯಿತು. ಉಳಿದರ್ಧ ಇರುವುದು ಗಡಿಯಲ್ಲಿ: ಬೀಸಿದ ಕೈ ತಗಲದೆ ಹೋದರೆ ಲೆಕ್ಕವೇ? ಒಂದರ ಹಿಂದೊಂದು ಬಿದ್ದ ಮೂರು ಏಟು ಒಂದು ಘಟನೆಯೇ, ಮೂರೇ? ಎಷ್ಟು ಸೆಕೆಂಡು ಬಿಡುವಾದರೆ ಹೊಸ ಘಟನೆ ಎನ್ನಬೇಕು? ಇವಕ್ಕೆ ಉತ್ತರವನ್ನು ಮೇಲ್ವಿಚಾರಕರು ಒಬ್ಬರೇ ಕುಳಿತು ಬರೆಯುವುದಕ್ಕಿಂತ, ದಿನವೂ ಮಗುವಿನೊಡನೆ ಇರುವವರೇ ಸಂದಿಗ್ಧ ಸಂದರ್ಭಗಳನ್ನು ಮುಂದಿಟ್ಟು ತೀರ್ಮಾನಿಸುವುದು ಮೇಲು.

ಆಮೇಲೆ ತಪಾಸಣೆ. ಇಬ್ಬರು ಸ್ವತಂತ್ರವಾಗಿ, ಏಕಕಾಲದಲ್ಲಿ ದಾಖಲಿಸಿ ಹೋಲಿಸುವ ವೀಕ್ಷಕರ ಸಹಮತವನ್ನು ಸೆಷನ್ನುಗಳ ಐದನೇ ಒಂದರಿಂದ ಮೂರನೇ ಒಂದರಷ್ಟು ಭಾಗದಲ್ಲಿ ಅಳೆಯುವುದು, ಶೇಕಡ 80ನ್ನು ಕನಿಷ್ಠವೆಂದು ಎಣಿಸುವುದು ರೂಢಿ. ಒಟ್ಟು ಎಣಿಕೆಯ ಸಹಮತಕ್ಕೆ ಮಾತ್ರ ಮರುಳಾಗಬೇಡಿ. ಹತ್ತು ನಿಮಿಷದಲ್ಲಿ ಇಬ್ಬರೂ 12 ಎಂದು ಬರೆದರೆ ಸಹಮತ ಶೇಕಡ 100 ಎನ್ನಿಸುತ್ತದೆ. ಆದರೆ ಒಬ್ಬರ 12 ಮೊದಲ ಐದು ನಿಮಿಷದಲ್ಲೂ ಇನ್ನೊಬ್ಬರ 12 ಕೊನೆಯ ಐದು ನಿಮಿಷದಲ್ಲೂ ಇದ್ದರೆ ಅವರು ಒಂದೇ ಘಟನೆಯನ್ನು ಒಮ್ಮೆಯೂ ಒಟ್ಟಾಗಿ ಕಂಡಿಲ್ಲ. ನಿಮಿಷ ನಿಮಿಷವಾಗಿ ಹೋಲಿಸಿದರೆ ಮಾತ್ರ ಇದು ಬಯಲಾಗುತ್ತದೆ. ತಪಾಸಣೆ ಇದೆ ಎಂದು ಗೊತ್ತಿದ್ದಾಗ ವೀಕ್ಷಕರು ಎಚ್ಚರದಿಂದಿದ್ದು, ಇಲ್ಲವೆಂದುಕೊಂಡಾಗ ಸಹಮತ ಕುಸಿಯುತ್ತದೆ ಎಂಬುದನ್ನು ಸಂಶೋಧಕ ಜಾನ್ ರೀಡ್ 1970ರಲ್ಲೇ ತೋರಿಸಿದ್ದಾರೆ. ಆದ್ದರಿಂದ ತಪಾಸಣೆ ನಡೆಯುತ್ತದೆ ಎಂಬುದನ್ನು ಎಲ್ಲರಿಗೂ ಮುಕ್ತವಾಗಿ ತಿಳಿಸಿ, ಯಾವ ಸೆಷನ್ನಿನಲ್ಲಿ ಎಂಬುದನ್ನು ಮಾತ್ರ ಅನಿಶ್ಚಿತವಾಗಿಡಿ. ಸದಾ ಒಟ್ಟಿಗೆ ಕೆಲಸ ಮಾಡುವ ಜೋಡಿ ಮೂಲ ವ್ಯಾಖ್ಯೆಯಿಂದ ಒಟ್ಟಿಗೇ ದೂರ ಸರಿದು, ಪರಸ್ಪರ ಪೂರ್ಣವಾಗಿ ಒಪ್ಪುತ್ತಿರಬಹುದು, ಆದ್ದರಿಂದ ಜೋಡಿಗಳನ್ನು ಬದಲಿಸುತ್ತಿರಿ.

ಕೊರತೆ ಕಂಡಲ್ಲಿ ಪ್ರತಿಕ್ರಿಯೆ ಬೇಗ ತಲುಪಬೇಕು, ನಿರ್ದಿಷ್ಟವಾಗಿರಬೇಕು. ‘ಚೆನ್ನಾಗಿ ಮಾಡಿ’ ಎಂಬುದು ಪ್ರತಿಕ್ರಿಯೆಯಲ್ಲ. ‘ಕೊನೆಯ ಎರಡು ಏಟುಗಳ ನಡುವೆ ಬಿಡುವಿರಲಿಲ್ಲ, ಅವು ಒಂದೇ ಘಟನೆ’ ಎಂಬುದು ಪ್ರತಿಕ್ರಿಯೆ. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಗ್ರಾಫು. ಸಿಬ್ಬಂದಿ ತಾವೇ ದಿನದ ಬಿಂದುವನ್ನು ಗುರುತಿಸಲಿ. ವಾರಕ್ಕೊಮ್ಮೆ ಅದರ ಮುಂದೆ ಅವರೊಡನೆ ನಿಂತು, ಈ ರೇಖೆ ಇಳಿಯದ ಕಾರಣ ಪ್ರಾಂಪ್ಟ್ ಬದಲಿಸೋಣ ಎಂದು ಅವರೆದುರೇ ನಿರ್ಧರಿಸಿ. ತಮ್ಮ ಗುರುತು ಮಗುವಿನ ಕಾರ್ಯಕ್ರಮವನ್ನು ಬದಲಿಸಿದ್ದನ್ನು ಕಂಡವರಿಗೆ ಜ್ಞಾಪನೆ ಅಷ್ಟಾಗಿ ಬೇಕಾಗುವುದಿಲ್ಲ.

ನೆನಪಿನಿಂದ ತುಂಬಿದ ಹಾಳೆಗಳ ಬಗ್ಗೆ ಒಂದು ಮಾತು. ಖಾಲಿ ಬಿಟ್ಟ ಚೌಕಕ್ಕೆ ಬೈಗುಳವೂ ತುಂಬಿದ ಚೌಕಕ್ಕೆ ಮೌನವೂ ಸಿಗುವ ಕಡೆ ಊಹೆಯ ಅಂಕಿಗಳು ಹುಟ್ಟಿಯೇ ತೀರುತ್ತವೆ. ‘ದಾಖಲಿಸಲಾಗಲಿಲ್ಲ’ ಎಂದು ಬರೆಯಲು ಹಾಳೆಯಲ್ಲೇ ಒಂದು ಸಂಕೇತ ಕೊಡಿ, ಅದನ್ನು ಬಳಸಿದವರನ್ನು ದಂಡಿಸಬೇಡಿ. ಆ ಸಂಕೇತ ಯಾವ ಹೊತ್ತಿನಲ್ಲಿ ಹೆಚ್ಚು ಕಾಣುತ್ತದೆ ಎಂಬುದೇ ನಿಮಗೆ ಎಲ್ಲಿ ಕೈ ಸಾಲುತ್ತಿಲ್ಲ ಎಂದು ಹೇಳುತ್ತದೆ. ವ್ಯಾಖ್ಯೆಯನ್ನೋ ವಿಧಾನವನ್ನೋ ಬದಲಿಸಿದ ದಿನ ಗ್ರಾಫಿನಲ್ಲಿ ಲಂಬ ಗೆರೆ ಎಳೆದು ಕಾರಣ ಬರೆಯಿರಿ. ಆ ಗೆರೆಯ ಎಡಬಲದ ಅಂಕಿಗಳನ್ನು ಹೋಲಿಸಿ ಮಗು ಸುಧಾರಿಸಿತೆಂದೋ ಹಿಂದೆ ಬಿತ್ತೆಂದೋ ವರದಿ ಮಾಡಬೇಡಿ. ಹೊಸ ವಿಧಾನದಲ್ಲಿ ಆಧಾರರೇಖೆ (ಮುಂದಿನ ಹೋಲಿಕೆಗೆ ಆಧಾರವಾಗುವ ಆರಂಭದ ಅಂಕಿಗಳು) ಸ್ಥಿರವಾಗುವವರೆಗೆ ಪೋಷಕರಿಗೂ ಇದನ್ನೇ ತಿಳಿಸಿ.