ಕೇಳ್ರಿ, ಹೇಳ್ತೀವಿ: ಹಾಸ್ಟೆಲ್ ಅಕ್ಕನ ಹುಚ್ಚು

ಈ ಸಲದ ಐದೂ ಪತ್ರಗಳು ಒಂದೇ ವಿಷಯದವು: ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಚಿಕ್ಕ ತರಗತಿಯ ಹುಡುಗಿಗೆ ದೊಡ್ಡ ತರಗತಿಯ ಅಕ್ಕನ ಮೇಲೆ ಹುಟ್ಟುವ ವಿಪರೀತ ಅಕ್ಕರೆ. ಹೆಸರು, ಶಾಲೆಯ ಗುರುತು ತೆಗೆದಿದ್ದೇವೆ.

ಪ್ರಶ್ನೆ: ಮಗಳು ಏಳನೇ ತರಗತಿ, ವಿಜಯಪುರದಲ್ಲಿ ವಸತಿ ಶಾಲೆ. ದಸರೆ ರಜೆಗೆ ಬಂದಾಗಿನಿಂದ ಹತ್ತನೆಯ ಒಬ್ಬ ಅಕ್ಕನದೇ ಜಪ. ನೋಟ್‌ಬುಕ್ಕಿನ ಕೊನೆ ಹಾಳೆ ತುಂಬ ಆಕೆಯ ಹೆಸರು. ಕಟ್ಟಿಕೊಟ್ಟ ಕರದಂಟು, ಶೇಂಗಾ ಹೋಳಿಗೆ ಎಲ್ಲ ಆಕೆಗೇ ಕೊಟ್ಟಳಂತೆ. ಶಾಲೆ ಬಿಡಿಸಲೇನ್ರಿ?
— ಒಬ್ಬ ತಾಯಿ, ಮುಧೋಳ

ಉತ್ತರ: ಬಿಡಿಸಬ್ಯಾಡ್ರಿ. ಆರನೇ ತರಗತಿಗೆ ಸೇರುವಾಗ ಹುಡುಗಿಗೆ ಹನ್ನೊಂದು ವರ್ಷ. ಬೆಳಿಗ್ಗೆ ಬಕೆಟ್ ಹಿಡಿದು ಎಷ್ಟು ಹೊತ್ತಿಗೆ ಸಾಲಿನಲ್ಲಿ ನಿಲ್ಲಬೇಕು, ಟ್ರಂಕಿನ ಕೀಲಿ ಎಲ್ಲಿಡಬೇಕು, ಮೊದಲ ಸಲ ಮುಟ್ಟಾದರೆ ಪ್ಯಾಡ್ ಯಾರನ್ನು ಕೇಳಬೇಕು, ಒಂದೂ ಗೊತ್ತಿರುವುದಿಲ್ಲ. ಹೇಳಿಕೊಡುವವಳು ಹೆಚ್ಚಾಗಿ ಪಕ್ಕದ ಮಂಚದ ಅಕ್ಕ. ಮನೆಯಲ್ಲಿ ಅವ್ವ, ಚಿಗವ್ವ, ಓಣಿಯ ಗೆಳತಿಯರು ಅಂತ ಹಂಚಿಹೋಗುತ್ತಿದ್ದ ಪ್ರೀತಿ ಇಲ್ಲಿ ಒಬ್ಬಳ ಮೇಲೇ ಸುರಿಯುತ್ತದೆ. ಆಕೆ ಖೋಖೋ ಕ್ಯಾಪ್ಟನ್ನೋ ಪ್ರಾರ್ಥನೆ ಹೇಳಿಸುವವಳೋ ಆಗಿದ್ದರೆ ಕೇಳುವುದೇ ಬೇಡ. ಆಕೆಯ ಹಾಗೇ ಜಡೆ, ಆಕೆಯ ಹಾಗೇ ಅಕ್ಷರ. ‘ಆಕೆ ಬೇಕು’ ಅನ್ನುವುದೂ ‘ಆಕೆಯಂತಾಗಬೇಕು’ ಅನ್ನುವುದೂ ಈ ವಯಸ್ಸಿನಲ್ಲಿ ಬೇರೆ ಬೇರೆ ಆಗಿರುವುದಿಲ್ಲ.

ಮೊಬೈಲ್ ಬಂದು ಹಿಂಗಾತು ಅನ್ನುವವರಿಗೆ ಒಂದು ಮಾತು. ಇಟಲಿಯ ಹೆಣ್ಣುಮಕ್ಕಳ ವಸತಿ ಶಾಲೆಗಳಲ್ಲಿ ಇದಕ್ಕೆ ‘ಫಿಯಾಮ್ಮಾ’, ಅಂದರೆ ಜ್ವಾಲೆ, ಅನ್ನುತ್ತಿದ್ದರು. ಒಬಿಚಿ ಮತ್ತು ಮಾರ್ಕೆಸಿನಿ ಎಂಬಿಬ್ಬರು 1898ರಲ್ಲೇ ಅದರ ಅಧ್ಯಯನ ಪ್ರಕಟಿಸಿದ್ದರು. ಇಂಗ್ಲೆಂಡಿನ ಬೋರ್ಡಿಂಗ್ ಹುಡುಗಿಯರ ಬಾಯಲ್ಲಿ ಅದು ‘ಪ್ಯಾಶ್’, 19ನೇ ಶತಮಾನದ ಅಮೆರಿಕದ ಮಹಿಳಾ ಕಾಲೇಜುಗಳಲ್ಲಿ ‘ಸ್ಮ್ಯಾಶ್’, ಜಪಾನಿನಲ್ಲಿ ಬರೀ ‘ಎಸ್’.

ಮಗಳಿಗೆ ಮೂರು ಪ್ರಶ್ನೆ ಕೇಳಿರಿ, ಒಂದೇ ದಿನ ಅಲ್ಲ, ರೊಟ್ಟಿ ಬಡಿಯುತ್ತ, ತಲೆ ಬಾಚುತ್ತ. ಆಕಿ ನಿನಗ ಏನೇನ್ ಕಲಿಸ್ಯಾಳ? ಆಕೀನ ಬಿಟ್ರ ಊಟಕ್ಕ ಯಾರ ಜೋಡಿ ಕೂಡ್ತಿ? ಯಾರ ಮುಂದೂ ಹೇಳಬ್ಯಾಡ ಅಂತ ಏನರ ಅಂದಾಳೇನು? ಎರಡನೆಯದಕ್ಕೆ ತನ್ನದೇ ತರಗತಿಯ ಎರಡು-ಮೂರು ಹೆಸರು ಬಂದರೆ ನಿಶ್ಚಿಂತೆಯಿಂದ ಇರಿ. ಒಂದೂ ಬರದಿದ್ದರೆ ಆಕೆಗೆ ಗೆಳತಿಯರಿಲ್ಲ, ಕೆಲಸ ಅಲ್ಲಿದೆ. ಮೂರನೆಯದಕ್ಕೆ ‘ಹೂಂ’ ಬಂದರೆ ಬೈಯದೆ ಪೂರ್ತಿ ಕೇಳಿಕೊಂಡು, ಮಾರನೇ ದಿನವೇ ಶಾಲೆಗೆ ಹೋಗಿ. ಇನ್ನು ಹೋಳಿಗೆ ಎರಡು ಡಬ್ಬಿಯಲ್ಲಿ ಕಟ್ಟಿರಿ, ದೊಡ್ಡದು ‘ನಿಮ್ಮ ರೂಮಿನವರಿಗೆಲ್ಲ’ ಅಂತ ಹೇಳಿ. ಖರ್ಚಿನ ದುಡ್ಡು ಒಮ್ಮೆಲೇ ಕೊಡದೆ ಭೇಟಿಗೆ ಹೋದಾಗ ಅಷ್ಟಷ್ಟೇ ಕೊಡಿ. ಕೊನೆ ಹಾಳೆ ಮಾತ್ರ ಹರಿಯಬೇಡಿ, ನೆಂಟರ ಮುಂದೆ ಆಡಿ ನಗಬೇಡಿ. ಮುಂದಿನ ಸಲ ಆಕೆ ಹೇಳುವುದನ್ನೇ ಬಿಟ್ಟುಬಿಡುತ್ತಾಳೆ.

ಪ್ರಶ್ನೆ: ನನ್ನ ಮಗಳದೂ ಇದೇ ಕತೆ. ಮುಂದೆ ಮದುವೆಗೆ ಅಡ್ಡಿಯಾದೀತೇ? ಡಾಕ್ಟರಿಗೆ ತೋರಿಸಬೇಕೇ?
— ಒಬ್ಬ ತಂದೆ, ಅಥಣಿ

ಉತ್ತರ: ಹದಿಮೂರರ ಈ ಸೆಳೆತ ನೋಡಿ ಇಪ್ಪತ್ತೈದರ ಬದುಕು ಹೇಳಲು ಬರುವುದಿಲ್ಲ. ಹೆಚ್ಚಿನವರಲ್ಲಿ ಅಕ್ಕ ಶಾಲೆ ಬಿಟ್ಟ ಮೇಲೆ ತಾನಾಗಿ ಇಳಿಯುತ್ತದೆ. ಮುಂದೆಯೂ ಹುಡುಗಿಯರನ್ನೇ ಮೆಚ್ಚುವವರು ಕೆಲವರಿರುತ್ತಾರೆ. ಅದೂ ರೋಗವಲ್ಲ, ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ‘ಸರಿಮಾಡಿ ಕೊಡುತ್ತೇನೆ’ ಎನ್ನುವವರ ಹತ್ತಿರ ಕರೆದೊಯ್ಯಬೇಡಿ. ಅಂಥ ಚಿಕಿತ್ಸೆ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಊಟ, ನಿದ್ದೆ, ಓದು ಮೂರೂ ಎರಡು ವಾರ ಕೆಟ್ಟರೆ ಆಗ ಡಾಕ್ಟರು ಬೇಕು.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ಹೋದ ವರ್ಷ ಅಕ್ಕ ನನ್ನ ಜೋಡಿ ಚಲೋ ಇದ್ರು. ಈಗ ಬೇರೆ ಹುಡುಗೀನ ಕರಕೊಂಡು ತಿರುಗ್ತಾರ. ನನಗ ಓದಾಕ ಆಗವಲ್ದು, ರಾತ್ರಿ ಅಳು ಬರ್ತದ. ಚೀಟಿ ಬರದ್ರ ಉತ್ತರ ಕೊಡವಲ್ರು.
— ಬಾಗಲಕೋಟೆ ಜಿಲ್ಲೆ

ಉತ್ತರ: ತಂಗಿ, ನಿನಗ ಆಗಾತಿರೋದು ಖರೇ ನೋವು. ಯಾರರ ‘ಇಷ್ಟಕ್ಕ ಅಳತೀಯಾ’ ಅಂದ್ರ ಕಿವಿಗೆ ಹಾಕ್ಕೋಬ್ಯಾಡ. ಆದರೆ ಚೀಟಿ ಇವತ್ತಿಗೆ ನಿಲ್ಲಿಸು. ಉತ್ತರ ಬರದ ಪ್ರತಿ ಚೀಟಿಗೂ ನೀನು ಇಡೀ ದಿನ ಕಾಯುತ್ತೀ, ಓದು ಹೋಗುವುದು ಆ ಕಾಯುವುದರಲ್ಲಿ. ಬರೆಯಲೇಬೇಕು ಅನಿಸಿದರೆ ಬರೆದು ಟ್ರಂಕಿನ ತಳದಲ್ಲಿಡು, ಕೊಡಬೇಡ. ಊಟದ ಸಾಲಿನಲ್ಲಿ ಅವರು ಕಾಣದ ಜಾಗ ಹಿಡಿ. ಸ್ಟಡಿ ಅವರ್‌ನಲ್ಲಿ ಅವರಿಗೆ ಬೆನ್ನು ಮಾಡಿ ಕೂತು ಇಪ್ಪತ್ತು ನಿಮಿಷ ಗಣಿತ ಮಾಡು. ಲೆಕ್ಕ ಬಿಡಿಸುವ ಕೈ ಮನಸ್ಸನ್ನು ಹಿಡಿದಿಡುತ್ತದೆ, ಬರೀ ಓದುವ ಪಾಠದಲ್ಲಿ ಕಣ್ಣು ಸಾಲಿನ ಮೇಲಿದ್ದರೂ ಮನಸ್ಸು ಹೊರಗಿರುತ್ತದೆ. ಎದುರು ಸಿಕ್ಕರೆ ‘ಹೆಂಗಿದ್ದೀರಿ ಅಕ್ಕಾ’ ಅಂದು ಮುಂದೆ ನಡಿ. ಆ ಇನ್ನೊಬ್ಬ ಹುಡುಗಿಯ ಬಗ್ಗೆ ಯಾರ ಮುಂದೂ ಕೆಟ್ಟದಾಡಬೇಡ, ಹಾಸ್ಟೆಲಿನಲ್ಲಿ ಮಾತು ಸಂಜೆಯೊಳಗೆ ತಿರುಗಿ ಬರುತ್ತದೆ. ಮೊದಲೆರಡು ವಾರ ಕಷ್ಟ, ಆಮೇಲೆ ಬಿಟ್ಟು ಬಿಟ್ಟು ನೆನಪಾಗುತ್ತದೆ. ಕೈ ಕೊಯ್ದುಕೊಳ್ಳಬೇಕು, ಸಾಯಬೇಕು ಅಂತ ಒಮ್ಮೆ ಅನಿಸಿದರೂ ಅದೇ ಗಳಿಗೆ ವಾರ್ಡನ್ ಅಕ್ಕೋರನ್ನು ಎಬ್ಬಿಸು, ರಾತ್ರಿ ಎರಡಾಗಿರಲಿ. ಅವರ ಫೋನಿನಿಂದ 14416ಕ್ಕೆ ಮಾಡಿಸು. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಾನು ಹತ್ತನೇ ತರಗತಿ. ಮೂವರು ಜೂನಿಯರ್‌ಗಳು ನನ್ನ ಹಿಂದೆ ಬಿದ್ದಾರ, ಬಟ್ಟೆನೂ ಒಗೆದು ಕೊಡ್ತಾರ. ಎಸ್ಸೆಸ್ಸೆಲ್ಸಿ ಐತಿ. ನೋಯಿಸದಂಗ ಹೆಂಗ ಹೇಳ್ಲಿ?
— ರಾಮದುರ್ಗ

ಉತ್ತರ: ಮೊದಲು ಬಟ್ಟೆ ನೀನೇ ಒಗೆದುಕೋ. ಸೇವೆ ತೆಗೆದುಕೊಂಡವಳು ‘ದೂರ ಇರು’ ಅಂದರೆ ಆ ಹುಡುಗಿಗೆ ಅದು ಮೋಸದಂತೆ ಕಾಣುತ್ತದೆ. ಒಬ್ಬೊಬ್ಬರಿಗೇ ಹೇಳು, ಗುಂಪಿನಲ್ಲಿ ಬೇಡ: ‘ನೀ ಅಂದ್ರ ನನಗ ಸೇರ್ತದ. ಆದ್ರ ಪರೀಕ್ಷೆ ಮುಗಿಯೋತನ ಐತವಾರ ಸಂಜೆ ಅರ್ಧ ತಾಸಷ್ಟ ಮಾತಾಡೋಣು.’ ಹೇಳಿದ ಮೇಲೆ ಐತವಾರ ತಪ್ಪಿಸಬೇಡ, ಬುಧವಾರ ಕರಗಬೇಡ. ಒಂದು ದಿನ ನಕ್ಕು ಮರುದಿನ ಮುಖ ತಿರುಗಿಸಿದರೆ ಹುಚ್ಚು ಇಳಿಯುವುದಿಲ್ಲ, ಏರುತ್ತದೆ.

ಪ್ರಶ್ನೆ: ಆರನೆಯವಳು ಹತ್ತನೆಯವಳಿಗೆ ಬರೆದ ಚೀಟಿ ಸಿಕ್ಕಿದೆ. ಪ್ರಾರ್ಥನೆಯಲ್ಲಿ ಓದಿ ಬುದ್ಧಿ ಹೇಳಬೇಕೆಂದಿದ್ದೇನೆ. ಮಲಗುವ ಕೋಣೆಯನ್ನೂ ಬದಲಿಸಲೇ?
— ನಿಲಯಪಾಲಕಿ, ಬೆಳಗಾವಿ ಜಿಲ್ಲೆ

ಉತ್ತರ: ಮೇಡಂ, ದಯವಿಟ್ಟು ಓದಬೇಡಿ. ನಾಳೆ ನಿಜವಾದ ತೊಂದರೆಯಾದರೆ ಒಂದು ಮಗುವೂ ನಿಮ್ಮ ಬಾಗಿಲು ಬಡಿಯುವುದಿಲ್ಲ. ನೀವು ನೋಡಬೇಕಾದ್ದು ಪ್ರೀತಿಯ ಮಾತನ್ನಲ್ಲ, ದೊಡ್ಡವಳ ಕೈಯಲ್ಲಿರುವ ಅಧಿಕಾರವನ್ನು. ಸಾಲಿನಲ್ಲಿ ಯಾರು ಮೊದಲು, ಫೋನಿನ ಸರದಿ ಯಾರದು, ಯಾರಿಗೆ ಶಿಕ್ಷೆ, ಇವು ವಿದ್ಯಾರ್ಥಿ ನಾಯಕಿಯ ಕೈಯಲ್ಲಿದ್ದರೆ ಚಿಕ್ಕವಳಿಗೆ ‘ಒಲ್ಲೆ’ ಅನ್ನಲು ಧೈರ್ಯ ಬರುವುದಿಲ್ಲ. ಅದನ್ನು ವಾಪಸ್ ತೆಗೆದುಕೊಳ್ಳಿ. ನಿಯಮ ಎಲ್ಲರಿಗೂ ಒಂದೇ ಇರಲಿ: ಒಂದು ಮಂಚಕ್ಕೆ ಒಬ್ಬಳೇ, ಯಾರ ಬಟ್ಟೆ-ತಾಟು ಯಾರೂ ತೊಳೆಯುವಂತಿಲ್ಲ. ಇಬ್ಬರನ್ನೇ ಎತ್ತಿ ಕೋಣೆ ಬದಲಿಸಿದರೆ ಇಡೀ ಹಾಸ್ಟೆಲಿಗೆ ಬೆರಳು ತೋರಿಸಿದಂತೆ. ಟರ್ಮ್ ಬದಲಾಗುವಾಗ ಎಲ್ಲರ ಮಂಚ ಬದಲಿಸಿ.

ಮುಟ್ಟುವುದು, ಹೆದರಿಸುವುದು, ಗುಟ್ಟಿಡಿಸುವುದು ಕಂಡರೆ ಮಾತೇ ಬೇರೆ. 18ರೊಳಗಿನ ಹುಡುಗಿಗೂ ಹುಡುಗನಿಗೂ 2012ರ ಪೋಕ್ಸೋ ಕಾಯ್ದೆ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯುವ ಕಾನೂನು) ಒಂದೇ ರಕ್ಷಣೆ ಕೊಡುತ್ತದೆ. ಲೈಂಗಿಕ ಶೋಷಣೆ ಗೊತ್ತಾದರೆ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098 ಹಗಲು-ರಾತ್ರಿ ಇರುತ್ತದೆ. ಮಗುವನ್ನು ಪದೇ ಪದೇ ವಿಚಾರಿಸಬೇಡಿ, ಆಕೆ ಹೇಳಿದ ಮಾತನ್ನು ಹೇಳಿದಂತೆಯೇ ಬರೆದಿಡಿ.

ಮತ್ತೆ ಜೂನ್‌ನಲ್ಲಿ ಆರನೇ ತರಗತಿಯವರು ಬಂದಾಗ ಒಬ್ಬೊಬ್ಬ ಹೊಸಬಳಿಗೆ ಇಬ್ಬಿಬ್ಬರು ಅಕ್ಕಂದಿರನ್ನು ಗೊತ್ತುಮಾಡಿ. ಏಳನೆಯವಳೊಬ್ಬಳು, ಒಂಬತ್ತನೆಯವಳೊಬ್ಬಳು. ಹತ್ತನೆಯವರು ಬೇಡ, ಅವರು ಮಾರ್ಚ್ ಕಳೆದರೆ ಹೊರಟುಹೋಗುತ್ತಾರೆ.